ಓದುಗರ ಪ್ರಶ್ನೆ: ರಾಕೆಟ್ ಮೋಟಾರನ್ನು ನಾವೇ ತಯಾರಿಸಿದರೆ ಲಾಭವೇ?

ಪ್ರಶ್ನೆ: ನಾವು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಾಲ್ವರು ಗೆಳೆಯರು. ಹವ್ಯಾಸಿ ರಾಕೆಟ್‌ಗೆ ಬೇಕಾದ ಸಿದ್ಧ ಮೋಟಾರ್‌ಗಳು (ಇಂಧನ ಉರಿದು ರಾಕೆಟ್ಟನ್ನು ತಳ್ಳುವ ಭಾಗ) ನಮಗೆ ಸುಲಭವಾಗಿ ಸಿಗುತ್ತಿಲ್ಲ, ಸಿಕ್ಕರೂ ದುಬಾರಿ. ಇಂಧನವನ್ನೂ ಮೋಟಾರನ್ನೂ ನಾವೇ ತಯಾರಿಸಿಕೊಂಡರೆ ಹಣ ಉಳಿದು ಕಲಿಕೆಯೂ ಆಗುವುದಿಲ್ಲವೇ?

ಉತ್ತರ: ಕಲಿಕೆಯ ಮಟ್ಟಿಗೆ ನಿಮ್ಮ ಮಾತು ನಿಜ, ಹಣದ ಮಟ್ಟಿಗೆ ಅಲ್ಲ. ರಾಸಾಯನಿಕಗಳ ಬೆಲೆಯನ್ನಷ್ಟೇ ಲೆಕ್ಕ ಹಾಕಿದವರಿಗೆ ಉಳಿತಾಯ ಕಾಣುತ್ತದೆ. ಲೇತ್ ಕೆಲಸ, ಪರೀಕ್ಷಾ ಪೀಠ, ಮರೆಗೋಡೆ, ಹಾಳಾಗುವ ಕವಚಗಳು, ಎಲ್ಲಕ್ಕಿಂತ ಮಿಗಿಲಾಗಿ ಪರವಾನಗಿ, ಇವನ್ನು ಸೇರಿಸಿದಾಗ ಸಣ್ಣ ಮೋಟಾರ್‌ಗಳಲ್ಲಿ ಏನೂ ಉಳಿಯುವುದಿಲ್ಲ. 1884ರ ಸ್ಫೋಟಕ ಕಾಯಿದೆಯ ಪ್ರಕಾರ ಇಂತಹ ಸ್ಫೋಟಕ ವಸ್ತುಗಳನ್ನು ಪರವಾನಗಿಯಿಲ್ಲದೆ ತಯಾರಿಸುವುದು ಅಪರಾಧ, ಅದಕ್ಕೆ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅಮೆರಿಕದ ರಾಷ್ಟ್ರೀಯ ರಾಕೆಟ್ ಹವ್ಯಾಸಿಗಳ ಸಂಘವೂ ತನ್ನ ಸುರಕ್ಷಾ ಸಂಹಿತೆಯಲ್ಲಿ ಕಾರ್ಖಾನೆಯಲ್ಲಿ ತಯಾರಾದ, ಪ್ರಮಾಣಿತ ಮೋಟಾರ್‌ಗಳನ್ನು ಮಾತ್ರ ಒಪ್ಪುತ್ತದೆ.

ಕಾನೂನಿನ ಹಿಂದಿರುವ ಕಾರಣವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಾದ ನೀವು ತಿಳಿದಿರಲೇಬೇಕು. ಘನ ಇಂಧನದ ಮೋಟಾರಿನ ಒಳಒತ್ತಡವು ಉರಿಯುವ ಮೇಲ್ಮೈಗೂ ನಳಿಕೆಯ (ಬಿಸಿ ಅನಿಲ ಹೊರಬರುವ ಬಾಯಿಯ) ಕಿರಿದಾದ ಭಾಗದ ವಿಸ್ತೀರ್ಣಕ್ಕೂ ಇರುವ ಅನುಪಾತವನ್ನು ಅವಲಂಬಿಸಿದೆ. ಒತ್ತಡ ಏರಿದರೆ ಇಂಧನ ಬೇಗ ಉರಿಯುತ್ತದೆ, ಬೇಗ ಉರಿದರೆ ಒತ್ತಡ ಮತ್ತಷ್ಟು ಏರುತ್ತದೆ. ಆದ್ದರಿಂದ ಇಂಧನದ ಒಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ, ಒಂದು ಬಿರುಕೋ ಗಾಳಿಗುಳ್ಳೆಯೋ ಇದ್ದರೆ ಉರಿಯುವ ಮೇಲ್ಮೈ ಹಠಾತ್ತನೆ ಹಿಗ್ಗಿ, ಯಾರೂ ಓಡಿಹೋಗುವಷ್ಟರಲ್ಲಿ ಕವಚ ಸಿಡಿಯುತ್ತದೆ. ಅದು ಲೋಹದ್ದಾಗಿದ್ದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಇಂಧನವನ್ನು ಬೆರೆಸುವಾಗ ಕಿಡಿ ತಗಲುವ ಅಪಾಯ ಬೇರೆ. ಈ ನಷ್ಟವನ್ನು ಯಾವ ಉಳಿತಾಯವೂ ತುಂಬಲಾರದು.

ಹಾಗೆಂದು ಕೈಚೆಲ್ಲಬೇಡಿ. ಮೋಟಾರ್ ತಯಾರಿಯ ನಿಜವಾದ ಫಲ ಅಳತೆಯಲ್ಲಿದೆ: ಕ್ಷಣಕ್ಷಣದ ನೂಕುಬಲವನ್ನು ದಾಖಲಿಸಿ, ಆ ರೇಖೆಯ ಕೆಳಗಿನ ವಿಸ್ತೀರ್ಣದಿಂದ ಒಟ್ಟು ಆವೇಗವನ್ನು, ಅಂದರೆ ನೂಕುಬಲವು ಇಡೀ ಅವಧಿಯಲ್ಲಿ ಕೊಟ್ಟ ಒಟ್ಟು ತಳ್ಳಾಟವನ್ನು, ಕಂಡುಕೊಳ್ಳುವುದು. ಹವ್ಯಾಸಿ ಮೋಟಾರ್‌ಗಳ ದರ್ಜೆಯೂ ಇದರ ಮೇಲೆಯೇ ನಿಂತಿದೆ. ಎ ದರ್ಜೆಯ ಗರಿಷ್ಠ ಮಿತಿ 2.5 ನ್ಯೂಟನ್-ಸೆಕೆಂಡ್, ಅಲ್ಲಿಂದ ಮುಂದಿನ ಒಂದೊಂದು ಅಕ್ಷರಕ್ಕೂ ಅದು ಇಮ್ಮಡಿಯಾಗುತ್ತದೆ. ನಿಮ್ಮ ಊರಿನಲ್ಲೇ ಇರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ, ಉಪಗ್ರಹವನ್ನು ಅದರ ಜಾಗದಲ್ಲಿ ನಿಲ್ಲಿಸಲು ಚಿಕ್ಕ ಎಂಜಿನ್‌ಗಳನ್ನು ಎಷ್ಟು ಹೊತ್ತು ಉರಿಸಬೇಕೆಂದು ನಿರ್ಧರಿಸುವಾಗಲೂ ಬೇಕಾಗುವುದು ನೂಕುಬಲ ಮತ್ತು ಕಾಲದ ಇದೇ ಲೆಕ್ಕ.

ಈ ಲೆಕ್ಕವನ್ನು ನೀರಿನ ರಾಕೆಟ್ಟಿನಿಂದಲೇ ಕಲಿಯಬಹುದು. ತಂಪುಪಾನೀಯದ 2 ಲೀಟರ್ ಬಾಟಲಿಗೆ ಮೂರನೇ ಒಂದು ಭಾಗ ನೀರು ತುಂಬಿ, ಮೀಟರ್ ಇರುವ ಸೈಕಲ್ ಪಂಪಿನಿಂದ 60 ಪಿಎಸ್‌ಐ (ಚದರ ಇಂಚಿಗೆ 60 ಪೌಂಡ್) ಒತ್ತಡ ಕೊಟ್ಟರೆ ಅದರ ಆವೇಗ ಸುಮಾರು 15 ನ್ಯೂಟನ್-ಸೆಕೆಂಡ್ ಬರುತ್ತದೆ. ಅಂದರೆ ಡಿ ದರ್ಜೆಯ ಮೋಟಾರಿಗೆ ಸಮ. ಬಾಯಿ ಪೂರ್ತಿ ತೆರೆದಿದ್ದರೆ ನೀರು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಖಾಲಿಯಾಗುವುದರಿಂದ ಅಳೆಯಲು ಸಮಯವೇ ಸಿಗುವುದಿಲ್ಲ. ಮುಚ್ಚಳದಲ್ಲಿ 5 ಮಿ.ಮೀ. ರಂಧ್ರ ಮಾಡಿ, ಬಾಟಲಿಯನ್ನು ಪೀಠಕ್ಕೆ ಬಿಗಿದು ಪರೀಕ್ಷಿಸಿ: ನೂಕುಬಲ ಒಂದೂವರೆ ಕಿಲೋಗ್ರಾಂ ತೂಕದ ಆಸುಪಾಸಿನಿಂದ ಆರಂಭವಾಗಿ, ನೀರು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಹರಿಯುತ್ತದೆ. 5 ಕಿಲೋಗ್ರಾಮಿನ ಲೋಡ್ ಸೆಲ್ (ಬಲವನ್ನು ವಿದ್ಯುತ್ ಸಂಕೇತವಾಗಿಸುವ ಸಂವೇದಕ), ಆ ಸಂಕೇತವನ್ನು ಅಂಕಿಗಳಾಗಿಸಿ ಸೆಕೆಂಡಿಗೆ 80 ಅಳತೆ ಕೊಡುವ ಎಚ್‌ಎಕ್ಸ್711 ಮಾಡ್ಯೂಲ್ ಮತ್ತು ಅವನ್ನು ದಾಖಲಿಸಲು ಆರ್ಡುಯಿನೊ ಎಂಬ ಪುಟ್ಟ ಗಣಕ ಫಲಕ ಇದ್ದರೆ ಇಡೀ ರೇಖೆ ನಿಮ್ಮ ಕೈಗೆ ಸಿಗುತ್ತದೆ. ರಂಧ್ರ ಬದಲಿಸಿ ನೋಡಿ. ನೂಕುಬಲವೂ ಅವಧಿಯೂ ಬದಲಾಗುತ್ತವೆ, ಆವೇಗ ಮಾತ್ರ ಹೆಚ್ಚು ಕದಲುವುದಿಲ್ಲ. ಹಳೆಯ, ಗೀಚಿದ ಬಾಟಲಿ ಬೇಡ. ಕನ್ನಡಕ ಧರಿಸಿ, ಉದ್ದದ ಕೊಳವೆಯಿಂದ ದೂರ ನಿಂತೇ ಗಾಳಿ ತುಂಬಿ.

ಪ್ರಶ್ನೆ: ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗ ವೀಡಿಯೊ ನೋಡಿ ಒಲೆಯ ಮೇಲೆ ರಾಕೆಟ್ ಇಂಧನ ಕಾಯಿಸುತ್ತೇನೆ ಎನ್ನುತ್ತಾನೆ. ಏನು ಮಾಡಲಿ? — ಗೃಹಿಣಿ, ಚಿಕ್ಕಮಗಳೂರು

ಉತ್ತರ: ಖಂಡಿತ ತಡೆಯಿರಿ, ತಾಯಿ. ಹದಿನೆಂಟು ತುಂಬದವರು ಸ್ಫೋಟಕ ತಯಾರಿಸುವುದನ್ನು ಮೇಲೆ ಹೇಳಿದ ಸ್ಫೋಟಕ ಕಾಯಿದೆ ನಿಷೇಧಿಸುತ್ತದೆ. ಆದರೆ ಅವನ ಆಸಕ್ತಿಯನ್ನು ಗದರಿ ಮುರಿಯಬೇಡಿ. ಶಾಲೆಯ ವಿಜ್ಞಾನ ಶಿಕ್ಷಕರೊಡನೆ ಮಾತನಾಡಿ, ಮೇಲೆ ಹೇಳಿದ ನೀರಿನ ರಾಕೆಟ್ಟನ್ನು ದೊಡ್ಡವರ ಎದುರಿನಲ್ಲಿ, ತೆರೆದ ಮೈದಾನದಲ್ಲಿ ಹಾರಿಸಲು ಅವಕಾಶ ಮಾಡಿಕೊಡಿ.