ಫ್ರಾನ್ಸಿನ ಮೇಯರ್‌ಗೆ ಅಷ್ಟು ಬಲ ಎಲ್ಲಿಂದ ಬಂತು?

ಶಿವಮೊಗ್ಗದ ಹಿರಿಯ ಓದುಗರೊಬ್ಬರ ಪತ್ರ ಬಂದಿದೆ. ಮಗಳ ಮದುವೆಗೆಂದು ಅವರು ಫ್ರಾನ್ಸಿನ ತೂಲೂಸ್ ಸಮೀಪದ ಸಣ್ಣ ಊರಿಗೆ ಹೋಗಿದ್ದರು. ಅಲ್ಲಿ ಮೂರು ಬಣ್ಣದ ಪಟ್ಟಿ ಧರಿಸಿದ ಮೇಯರ್ ತಾವೇ ನಿಂತು ಮದುವೆ ನೆರವೇರಿಸಿದರಂತೆ. ಶಾಲೆ, ರಸ್ತೆ, ಮನೆ ಕಟ್ಟುವ ಪರವಾನಗಿ, ಎಲ್ಲದಕ್ಕೂ ಜನ ಅವರ ಬಳಿಗೇ ಬರುತ್ತಾರಂತೆ. ‘ಜನರೇ ನೇರವಾಗಿ ಆರಿಸುವುದರಿಂದ ಮೇಯರ್‌ಗೆ ಈ ಬಲ ಬಂದಿರಬೇಕು. ನಮ್ಮ ಪಾಲಿಕೆಗಳಿಗೂ ನೇರ ಚುನಾವಣೆ ಬೇಕೆಂದು ನಿಮ್ಮ ಪತ್ರಿಕೆ ಏಕೆ ಬರೆಯಬಾರದು?’ ಎಂಬುದು ಅವರ ಪ್ರಶ್ನೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಮಗಳು ಅಲ್ಲಿ ಮತ ಹಾಕಬಹುದೇ ಎಂದೂ ಕೇಳಿದ್ದಾರೆ.

ಮಾನ್ಯರೇ,

ಮೊದಲಿಗೆ ನವದಂಪತಿಗೆ ನಮ್ಮ ಶುಭಾಶಯ. ಮೇಯರ್ ಬಗ್ಗೆ ನೀವು ಕಂಡದ್ದೆಲ್ಲ ನಿಜ, ಆದರೆ ಅದಕ್ಕೆ ನೀವು ಊಹಿಸಿರುವ ಕಾರಣ ಸರಿಯಲ್ಲ. ಫ್ರಾನ್ಸಿನಲ್ಲಿ ಜನ ಮೇಯರ್‌ಗೆ ಮತ ಹಾಕುವುದಿಲ್ಲ. ಆರು ವರ್ಷಕ್ಕೊಮ್ಮೆ ಅವರು ಆರಿಸುವುದು ಊರಿನ ಸಭೆಯ ಸದಸ್ಯರನ್ನು. ಫಲಿತಾಂಶ ಬಂದ ಮೇಲಿನ ಶುಕ್ರವಾರ, ಶನಿವಾರ ಇಲ್ಲವೇ ಭಾನುವಾರ ಹೊಸ ಸಭೆ ಸೇರುತ್ತದೆ. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಾದ ಸದಸ್ಯರು ಅಧ್ಯಕ್ಷತೆ ವಹಿಸುತ್ತಾರೆ. ಸದಸ್ಯರು ತಮ್ಮೊಳಗಿಂದಲೇ ಒಬ್ಬರನ್ನು ಗುಪ್ತ ಮತದಾನದಿಂದ ಮೇಯರ್ ಆಗಿ ಆರಿಸುತ್ತಾರೆ. ಈ ಕ್ರಮವನ್ನು ಗಟ್ಟಿಮಾಡಿದ್ದು 1884ರ ಪುರಸಭಾ ಕಾನೂನು. ರಾಜಧಾನಿ ಪ್ಯಾರಿಸ್ ಮಾತ್ರ ಬಹುಕಾಲ ಇದರಿಂದ ಹೊರಗಿತ್ತು. ಚುನಾಯಿತ ಮೇಯರ್‌ಗಾಗಿ ಅದು 1977ರವರೆಗೆ ಕಾಯಬೇಕಾಯಿತು.

ಹಾಗಿದ್ದರೂ ಮುಂದಿನ ಮೇಯರ್ ಯಾರೆಂದು ಮತದಾರರಿಗೆ ಸಾಮಾನ್ಯವಾಗಿ ಮೊದಲೇ ಗೊತ್ತಿರುತ್ತದೆ. ಅಲ್ಲಿ ಸ್ಪರ್ಧೆ ನಡೆಯುವುದು ಅಭ್ಯರ್ಥಿಗಳ ಪಟ್ಟಿಗಳ ನಡುವೆ, ಪಟ್ಟಿಯ ತಲೆಯಲ್ಲಿರುವವರೇ ಮೇಯರ್ ಹುದ್ದೆಯ ಆಕಾಂಕ್ಷಿ. ಪಟ್ಟಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಎಂಬಂತೆ ಹೆಸರುಗಳು ಸರದಿಯಲ್ಲಿ ಬರಬೇಕು. ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಲ್ಲಿ ಮೊದಲು ಮತದಾರರು ಚೀಟಿಯಲ್ಲಿ ಬೇಡವಾದ ಹೆಸರನ್ನು ಹೊಡೆದುಹಾಕಬಹುದಿತ್ತು. 2025ರ ಕಾನೂನು 2026ರ ಚುನಾವಣೆಯಿಂದ ಅವಕ್ಕೂ ಪಟ್ಟಿ ಪದ್ಧತಿಯನ್ನೇ ತಂದಿತು. ಇನ್ನು ಸ್ಥಾನ ಹಂಚುವ ಲೆಕ್ಕ. ಗೆದ್ದ ಪಟ್ಟಿಗೆ ಅರ್ಧ ಸ್ಥಾನಗಳು ಮೊದಲೇ ಸಂದುಬಿಡುತ್ತವೆ. ಉಳಿದರ್ಧವನ್ನು ಗೆದ್ದವರೂ ಸೇರಿದಂತೆ ನೂರಕ್ಕೆ ಐದಾದರೂ ಮತ ಪಡೆದ ಎಲ್ಲ ಪಟ್ಟಿಗಳಿಗೆ ಮತಗಳಿಗೆ ತಕ್ಕಂತೆ ಹಂಚುತ್ತಾರೆ. ಅಂದರೆ ಅರ್ಧದಷ್ಟು ಮತ ಪಡೆದವರ ಕೈಗೆ ಸುಮಾರು ಮುಕ್ಕಾಲು ಪಾಲು ಸಭೆ ಬರುತ್ತದೆ. ಪ್ಯಾರಿಸ್, ಲಿಯೋಂ, ಮಾರ್ಸೇ ನಗರಗಳಲ್ಲಿ ಮಾತ್ರ 2025ರಲ್ಲಿ ಈ ಹೆಚ್ಚುವರಿ ಪಾಲನ್ನು ಅರ್ಧದಿಂದ ಕಾಲಿಗೆ ಇಳಿಸಿದ್ದಾರೆ.

ಮೇಯರ್ ಒಮ್ಮೆ ಕುರ್ಚಿಯಲ್ಲಿ ಕೂತರೆ ಸಭೆ ಅವರನ್ನು ಇಳಿಸುವಂತಿಲ್ಲ. ಅವಿಶ್ವಾಸ ಗೊತ್ತುವಳಿ ಎಂಬುದೇ ಅಲ್ಲಿ ಇಲ್ಲ. ಗಂಭೀರ ತಪ್ಪು ಮಾಡಿದ ಮೇಯರ್‌ನನ್ನು ವಜಾ ಮಾಡಬೇಕಾದರೆ ದೇಶದ ಮಂತ್ರಿಮಂಡಲವೇ ಆದೇಶ ಹೊರಡಿಸಬೇಕು. ಸದಸ್ಯರನ್ನು ಬಸ್ಸಿನಲ್ಲಿ ತುಂಬಿಕೊಂಡು ರೆಸಾರ್ಟಿಗೆ ಕರೆದೊಯ್ಯುವ ದೃಶ್ಯ ನಮಗೆ ಹೊಸದಲ್ಲ, ನಿಮ್ಮ ಮಗಳ ಊರಿನಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಕಚೇರಿಯಲ್ಲಿದೆ. ನಮ್ಮ ಮಹಾನಗರ ಪಾಲಿಕೆಯಲ್ಲಿ ಸಭೆ ನಡೆಸುವವರು ಮೇಯರ್, ಆಡಳಿತ ನಡೆಸುವವರು ಸರ್ಕಾರ ಕಳಿಸಿದ ಆಯುಕ್ತರು. ಫ್ರಾನ್ಸಿನ ಕಮ್ಯೂನಿನಲ್ಲಿ, ಅಂದರೆ ಸ್ವಂತ ಸಭೆ ಇರುವ ಊರು ಅಥವಾ ನಗರದಲ್ಲಿ, ಎರಡೂ ಮೇಯರ್ ಕೆಲಸ. ನೌಕರರ ಮೇಲಧಿಕಾರಿ ಅವರೇ. ನಗರವಾದರೆ ಮುಖ್ಯ ಅಧಿಕಾರಿಯನ್ನು ನೇಮಿಸಿಕೊಳ್ಳುವವರೂ ಅವರೇ. ಹಳ್ಳಿಯಾದರೆ ಒಬ್ಬ ಕಾರ್ಯದರ್ಶಿ, ಅವರೂ ಎಷ್ಟೋ ಕಡೆ ಅಕ್ಕಪಕ್ಕದ ಎರಡು ಮೂರು ಊರುಗಳಿಗೆ ಸೇರಿ ಒಬ್ಬರೇ. ಜೊತೆಗೆ ಮೇಯರ್ ಊರಿನಲ್ಲಿ ರಾಷ್ಟ್ರದ ಪ್ರತಿನಿಧಿಯೂ ಹೌದು. ಜನನ, ಮರಣ, ವಿವಾಹ ನೋಂದಣಿ ಆ ಅಧಿಕಾರದಿಂದ ಬಂದದ್ದು. ಮದುವೆಯಲ್ಲಿ ಅವರು ಏನನ್ನೋ ಓದಿ ಹೇಳಿದ್ದು ನಿಮಗೆ ನೆನಪಿರಬಹುದು. ಅದು ಸಿವಿಲ್ ಸಂಹಿತೆಯಲ್ಲಿ ಗಂಡ ಹೆಂಡಿರ ಹಕ್ಕು ಹೊಣೆಗಳನ್ನು ಹೇಳುವ ಭಾಗ. ಅದನ್ನು ಗಟ್ಟಿಯಾಗಿ ಓದುವುದು ಕಡ್ಡಾಯ.

ಈ ಬಲವೂ ಸುಲಭವಾಗಿ ಬಂದದ್ದಲ್ಲ. ನಮ್ಮ ಜಿಲ್ಲಾಧಿಕಾರಿಗೆ ಸಮಾನರೆನ್ನಬಹುದಾದ ಪ್ರಿಫೆಕ್ಟ್ ಎಂಬ ಅಧಿಕಾರಿ ಪುರಸಭೆಗಳ ತಲೆಯ ಮೇಲೆ ಬಹಳ ಕಾಲ ಕೂತಿದ್ದರು. ಸಭೆಯ ಎಷ್ಟೋ ನಿರ್ಣಯಗಳು ಅವರ ಒಪ್ಪಿಗೆ ಇಲ್ಲದೆ ಜಾರಿಗೆ ಬರುತ್ತಿರಲಿಲ್ಲ. ಮಾರ್ಸೇ ನಗರದ ಮೇಯರ್ ಆಗಿ ಈ ಕಷ್ಟ ತಿಳಿದಿದ್ದ ಗಾಸ್ತೋಂ ದೆಫೇರ್ ಗೃಹಮಂತ್ರಿಯಾದಾಗ, 1982ರ ಮಾರ್ಚ್ 2ರ ಕಾನೂನಿನಿಂದ ಅದನ್ನು ತೆಗೆದುಹಾಕಿದರು. ನಿರ್ಣಯಗಳು ಈಗಲೂ ಪ್ರಿಫೆಕ್ಟ್ ಮೇಜಿಗೆ ಹೋಗುತ್ತವೆ. ಆದರೆ ಕಾನೂನು ಮೀರಿದೆ ಎನ್ನಿಸಿದರೆ ಅವರು ಆಡಳಿತ ನ್ಯಾಯಾಲಯದ ಬಾಗಿಲು ತಟ್ಟಬೇಕು, ರದ್ದು ಮಾಡುವುದು ನ್ಯಾಯಾಧೀಶರ ಕೆಲಸ. ನಿಮ್ಮ ಪತ್ರಕ್ಕೆ ನಿಜವಾದ ಉತ್ತರ ಈ ಕಾನೂನಿನಲ್ಲಿದೆ ಎಂಬುದು ನಮ್ಮ ನಂಬಿಕೆ.

ಅಷ್ಟು ಅಧಿಕಾರ ಕೊಟ್ಟ ಮೇಲೆ ಕಡಿವಾಣ ಬೇಕಲ್ಲ? ಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸಣ್ಣ ಊರಿನಲ್ಲಿ ಪೂರ್ತಿ ಮೂರು ದಿನ ಮೊದಲು, 3,500 ಜನ ದಾಟಿದ ಊರಿನಲ್ಲಿ ಐದು ದಿನ ಮೊದಲು ವಿಷಯಸೂಚಿ ಸಮೇತ ನೋಟಿಸ್ ಹೋಗಬೇಕು. ಬಾರದ ಸದಸ್ಯರು ತಮ್ಮ ಮತವನ್ನು ಇನ್ನೊಬ್ಬ ಸದಸ್ಯರಿಗೆ ಬರೆದುಕೊಡಬಹುದು, ಆದರೆ ಒಬ್ಬರು ಒಂದಕ್ಕಿಂತ ಹೆಚ್ಚು ಅಂಥ ಚೀಟಿ ಹಿಡಿಯುವಂತಿಲ್ಲ. ದಿನನಿತ್ಯದ ಖರ್ಚಿಗೆ ಸಾಲ ಎತ್ತುವಂತಿಲ್ಲ. ಸಾಲವೇನಿದ್ದರೂ ಕಟ್ಟಡ, ರಸ್ತೆಯಂಥ ಬಂಡವಾಳದ ಕೆಲಸಗಳಿಗೆ. ಬಜೆಟ್ ಸರಿದೂಗದಿದ್ದರೆ ಪ್ರಿಫೆಕ್ಟ್ ಅದನ್ನು ಪ್ರಾದೇಶಿಕ ಲೆಕ್ಕಪತ್ರ ಮಂಡಳಿಗೆ ಕಳಿಸುತ್ತಾರೆ.

ನಮಗೆ ಬಹಳ ಹಿಡಿಸಿದ ನಿಯಮ ಇನ್ನೊಂದಿದೆ. ಹಿಂದಿನ ವರ್ಷದ ಲೆಕ್ಕ ಮಂಡಿಸುವ ದಿನ ಸಭೆ ಬೇರೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸಿಕೊಳ್ಳುತ್ತದೆ. ಮೇಯರ್ ಚರ್ಚೆಯಲ್ಲಿ ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬಹುದು. ಮತಕ್ಕೆ ಹಾಕುವ ಹೊತ್ತಿಗೆ ಎದ್ದು ಕೋಣೆಯಿಂದ ಆಚೆ ಹೋಗಬೇಕು. ಅವರು ಖರ್ಚು ಮಾಡಿದ ಹಣದ ಲೆಕ್ಕಕ್ಕೆ ಅವರ ಎದುರಿಗೇ ಕೈ ಎತ್ತುವ ಮುಲಾಜು ಯಾರಿಗೂ ಬೇಡವೆಂದು ಈ ಏರ್ಪಾಡು. ಹಳ್ಳಿಯ ಏಳು ಜನರ ಸಭೆಯಲ್ಲೂ ಇದೇ ನಿಯಮ.

ಏಳು ಎಂದದ್ದಕ್ಕೆ ನಿಮಗೆ ಅಚ್ಚರಿಯಾಗಬಹುದು. ನೂರಕ್ಕಿಂತ ಕಡಿಮೆ ಜನರಿರುವ ಊರಿಗೂ ಅಲ್ಲಿ ಸ್ವಂತ ಮೇಯರ್, ಸ್ವಂತ ಸಭೆ ಇದೆ. ಇಂಥ ಕಮ್ಯೂನ್‌ಗಳು ದೇಶದಲ್ಲಿ ಸುಮಾರು 35,000 ಇವೆ. ಮೊದಲ ಮಹಾಯುದ್ಧದ ಸಮಯದಲ್ಲಿ, 1916ರ ವರ್ಡನ್ ಕಾಳಗದಲ್ಲಿ ನೆಲಸಮವಾಗಿ ಇಂದಿಗೂ ಒಬ್ಬ ನಿವಾಸಿಯೂ ಇಲ್ಲದ ಆರು ಹಳ್ಳಿಗಳನ್ನು ಕಮ್ಯೂನ್‌ಗಳಾಗಿಯೇ ಉಳಿಸಿಕೊಂಡಿದ್ದಾರೆ. ಮತದಾರರಿಲ್ಲದ್ದರಿಂದ ಅವುಗಳ ಮೇಯರ್‌ನನ್ನು ಪ್ರಿಫೆಕ್ಟ್ ನೇಮಿಸುತ್ತಾರೆ. ಸತ್ತವರ ನೆನಪನ್ನು ಕಾಯುವುದು ಅಲ್ಲಿ ಮೇಯರ್ ಕೆಲಸ.

ಕೊರತೆಗಳೂ ಇವೆ. ಊರಿನ ಸಭೆಯಲ್ಲಿ ವಿರೋಧ ಪಕ್ಷ ತೀರ ಬಡಕಲು, ಮೇಲೆ ಹೇಳಿದ ಸ್ಥಾನ ಹಂಚಿಕೆಯ ಫಲ ಅದು. ಕಸ, ನೀರು, ಬಸ್ಸಿನಂಥ ಕೆಲಸಗಳು ಹಲವು ಕಮ್ಯೂನ್‌ಗಳು ಸೇರಿದ ಒಕ್ಕೂಟಗಳಿಗೆ ಸರಿಯುತ್ತಿವೆ, ಅಲ್ಲಿನ ಅಧ್ಯಕ್ಷರ ಹೆಸರು ಎಷ್ಟೋ ಮತದಾರರಿಗೆ ಗೊತ್ತಿಲ್ಲ. 2023ರಿಂದ ವಾಸದ ಮನೆಯ ಮೇಲಿನ ನಿವಾಸ ತೆರಿಗೆ ಪೂರ್ತಿ ನಿಂತುಹೋಗಿದೆ. ತೆರಿಗೆ ಕಟ್ಟುವವರಿಗೂ ಊರಿನ ಸಭೆಗೂ ಇದ್ದ ಒಂದು ನೇರ ಸಂಬಂಧ ಅದರೊಂದಿಗೆ ಕಡಿದುಹೋಯಿತು. ಇದು ಒಳ್ಳೆಯದಾಗಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಆದ್ದರಿಂದ ನೇರ ಚುನಾವಣೆಗಾಗಿ ನಾವು ಸದ್ಯಕ್ಕೆ ದನಿ ಎತ್ತುವುದಿಲ್ಲ. ಆಯುಕ್ತರ ಅಧಿಕಾರ ಇದ್ದಲ್ಲೇ ಇದ್ದರೆ, ಲಕ್ಷಾಂತರ ಜನ ಮತ ಹಾಕಿ ಕಳಿಸಿದ ಮೇಯರ್ ಕೂಡ ಅಹವಾಲು ಹಿಡಿದು ಆಯುಕ್ತರ ಕೋಣೆಯ ಮುಂದೆ ನಿಲ್ಲಬೇಕಾಗುತ್ತದೆ. ಆಡಳಿತದ ಸಹಿ ಚುನಾಯಿತರ ಕೈಗೆ ಬರಲಿ, ಅದರ ಜೊತೆಗೇ ಲೆಕ್ಕ ಒಪ್ಪಿಸುವ ಕಟ್ಟುನಿಟ್ಟೂ ಬರಲಿ ಎಂದು ಖಂಡಿತ ಬರೆಯುತ್ತೇವೆ.

ಕೊನೆಗೆ ನಿಮ್ಮ ಮಗಳ ವಿಷಯ. ಭಾರತದ ಪೌರತ್ವ ಇರುವವರೆಗೆ ಅವರು ಅಲ್ಲಿ ಮತ ಹಾಕುವಂತಿಲ್ಲ. ಆ ಹಕ್ಕು ಫ್ರಾನ್ಸಿನ ಮತ್ತು ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ ಮಾತ್ರ. ಆದರೆ ಸಭೆ ಸಾರ್ವಜನಿಕ, ಹೋಗಿ ಕೂತು ಕೇಳಬಹುದು. ಊರಿನ ಬಜೆಟ್, ಲೆಕ್ಕಪತ್ರ, ಸಭೆಯ ನಡಾವಳಿ ಬೇಕೆಂದು ಪುರಸಭೆಗೆ ಅರ್ಜಿಯನ್ನೂ ಕೊಡಬಹುದು. ಅದನ್ನು ಕೇಳಲು ಅಲ್ಲಿನ ಮತದಾರರೇ ಆಗಿರಬೇಕಿಲ್ಲ.

— ಸಂಪಾದಕ