ಹದ್ದಿನ ಬಿಲ್ಲೆ ಇದ್ದರೆ ಡಿಸ್ಟನ್ ಗರಗಸವೇ?

ಹಳೆ ಕೈಗರಗಸದ ಹಿಡಿಯ ಮೇಲಿನ ಲೋಹದ ಬಿಲ್ಲೆಯಲ್ಲಿ ಹದ್ದಿನ ಚಿತ್ರ, ಸುತ್ತ 'ವಾರಂಟೆಡ್ ಸುಪೀರಿಯರ್' ಅಂತ ಇದೆ, ಇದು ಅಮೆರಿಕದ ಹೆಸರಾಂತ ಗರಗಸ ಕಂಪನಿ ಡಿಸ್ಟನ್‌ದೇ, ಸಾಣೆ ಹಿಡಿಸಬಹುದೇ ಅಂತ ಕೇಳಿದ್ದೀರಿ. ಬಿಲ್ಲೆ ಒಂದನ್ನೇ ನೋಡಿ ಹೇಳಲು ಆಗುವುದಿಲ್ಲ. ಅದು ಯಾವುದೇ ಒಂದು ಕಂಪನಿಯ ಗುರುತಲ್ಲ. ಅಮೆರಿಕದ ಹಲವು ತಯಾರಕರು ಇದೇ ಬಿಲ್ಲೆ ಹಾಕುತ್ತಿದ್ದರು, ಡಿಸ್ಟನ್ ಕೂಡ.

ಅಲಗಿನ ಮೇಲೆ ಹೆಸರು ಉಳಿದಿರಬಹುದು, ತುಕ್ಕನ್ನು ಅವಸರದಲ್ಲಿ ತೆಗೆಯಬೇಡಿ. ತಂತಿ ಬ್ರಷ್ ಬೇಡವೇ ಬೇಡ. ಚಪ್ಪಟೆ ಮರದ ತುಂಡಿಗೆ ನಯವಾದ ಉಜ್ಜುಕಾಗದ ಸುತ್ತಿ, ಸ್ವಲ್ಪ ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿ. ಅಕ್ಷರಗಳಿದ್ದರೆ ಕಪ್ಪಗೆ ಕಾಣುತ್ತವೆ. ಹಿಡಿಯ ಹತ್ತಿರ, ಹಲ್ಲಿನ ಅಂಚಿನಲ್ಲಿ ಪುಟ್ಟ ಅಂಕಿ ಇದೆಯಾ ನೋಡಿ. ಅದು ಸಾಮಾನ್ಯವಾಗಿ ಒಂದು ಇಂಚಿನಲ್ಲಿ ಎಷ್ಟು ಹಲ್ಲಿನ ತುದಿಗಳಿವೆ ಅಂತ ಹೇಳುತ್ತದೆ. ಆದರೆ ಹಿಂದಿನವರು ಹಲ್ಲನ್ನು ಬದಲಿಸಿ ಅರ ಹಾಕಿರಬಹುದು, ಎಣಿಸಿಯೇ ನಂಬಿ.

ಹೆಸರಿಗಿಂತ ಅಲಗಿನ ಸ್ಥಿತಿಯೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಹಲ್ಲಿನ ಸಾಲಿನ ಉದ್ದಕ್ಕೂ ಒಂದು ಕಣ್ಣಿನಿಂದ ನೋಡಿ. ಉದ್ದಕ್ಕೂ ಸಣ್ಣಗೆ ಬಾಗಿದ್ದರೆ ಎದುರು ದಿಕ್ಕಿಗೆ ಕೈಯಿಂದಲೇ ಬಗ್ಗಿಸಿ ಸರಿ ಮಾಡಬಹುದು. ಒಂದೇ ಕಡೆ ಮಡಿಚಿದಂತಿದ್ದರೆ ಕಷ್ಟ, ಸುತ್ತಿಗೆ ಹಿಡಿದು ಪಳಗಿದವರೇ ಬೇಕು. ಮೇಲ್ಮೈಯಲ್ಲಿ ಕಲೆ ಇದ್ದರೆ ಚಿಂತೆಯಿಲ್ಲ. ಹಲ್ಲಿನ ಬುಡದಲ್ಲಿ ತುಕ್ಕು ಗುಳಿ ಬಿದ್ದಿದ್ದರೆ ಮಾತ್ರ ಯೋಚಿಸಿ. ಸಾಣೆ ಹಿಡಿಸುವಾಗ ಹಲ್ಲುಗಳನ್ನು ಅಕ್ಕಪಕ್ಕಕ್ಕೆ ಬಗ್ಗಿಸಿದರೆ ಅಲ್ಲೇ ಮುರಿಯಬಹುದು.

ಹಿಡಿ ಸ್ವಲ್ಪ ಒಡೆದಿದ್ದರೆ ಅಂಟು ಸಾಕು. ಹಲ್ಲಿನ ಒಂದು ಹತ್ತಿರದ ಫೋಟೋ ಹಾಕಿ, ಉದ್ದ ಸೀಳುವ ಗರಗಸವೋ ಅಡ್ಡ ಕೊಯ್ಯುವುದೋ ನೋಡೋಣ.