ಬೆಂಕಿ ಕ್ಲಾಸ್‌ಗೆ ಬೆಂಕಿ ಮಾತ್ರ ಇದ್ದರೆ ಬ್ಯಾಲೆನ್ಸ್ ಮಾಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಆನ್‌ಲೈನ್ ಆರ್‌ಪಿಜಿ (ಒಂದು ಪಾತ್ರವಾಗಿ ಆಡುವ ಗೇಮ್) ಮಾಡುತ್ತಿದ್ದೀರಿ, ಬೆಂಕಿ, ನೀರು, ಮಣ್ಣು, ಗಾಳಿ ಅಂತ ನಾಲ್ಕು ಕ್ಲಾಸ್, ಅಂದರೆ ಆಡುವವರು ಆರಿಸಿಕೊಳ್ಳುವ ಪಾತ್ರದ ಬಗೆಗಳು. ಯಾವ ಕ್ಲಾಸ್‌ಗೂ ತನ್ನ ಎಲಿಮೆಂಟ್ ಬಿಟ್ಟು ಬೇರೆ ಮಂತ್ರ ಇಲ್ಲ. ಯಾರಿಗೂ ಅನ್ಯಾಯ ಆಗದ ಹಾಗೆ ಡ್ಯಾಮೇಜ್ (ಏಟಿಗೆ ಶತ್ರುವಿನ ಪ್ರಾಣ ಕಡಿಮೆಯಾಗುವ ಲೆಕ್ಕ) ಎಷ್ಟೆಷ್ಟು ಇಡಬೇಕು?

ದಯವಿಟ್ಟು ಡ್ಯಾಮೇಜ್‌ನಿಂದ ಶುರು ಮಾಡಬೇಡಿ. ನಾವು ಹಾಗೆ ಶುರು ಮಾಡಿ ಒಂದು ಇಡೀ ಮಳೆಗಾಲ ಕಳೆದೆವು.

ನಾನಿರುವುದು ಕೊಡಗಿನ ನಾಪೋಕ್ಲು ಹತ್ತಿರ. ಮೂವರು ಗೆಳೆಯರು ಸೇರಿ ಬ್ರೌಸರ್‌ನಲ್ಲಿ ಆಡುವ ಸಣ್ಣ ಗೇಮ್ ಒಂದನ್ನು ಮಾಡಿದ್ದೇವೆ. ಜುಲೈ ತಿಂಗಳು, ಕರೆಂಟ್ ಇದ್ದಾಗ ಮಾತ್ರ ಟೆಸ್ಟಿಂಗ್. ಚಿಕ್ಕಪ್ಪನ ಮಗಳು ಬೆಂಕಿ ಕ್ಲಾಸ್ ತಗೊಂಡಿದ್ದಳು. ಐದು ಜನ ನೀರಿನ ಗುಹೆಗೆ ಇಳಿದೆವು. ಅಲ್ಲಿನ ಶತ್ರುಗಳಿಗೆ ಬೆಂಕಿ ತಾಗುವುದೇ ಇಲ್ಲ ಅಂತ ನಾವೇ ಬರೆದಿದ್ದೆವು. ಅವಳು ಹೊಡೆದಾಗಲೆಲ್ಲ ಪರದೆ ಮೇಲೆ ಸೊನ್ನೆ, ಮತ್ತೆ ಸೊನ್ನೆ. ಸ್ವಲ್ಪ ಹೊತ್ತು ಸುಮ್ನೆ ಹಿಂದೆ ನಿಂತಳು. ಆಮೇಲೆ ಕೇಳಿದಳು: "ಅಣ್ಣಾ, ಇಲ್ಲಿ ನನಗೆ ಕೆಲಸ ಇಲ್ಲ ಅಲ್ವಾ? ಹೋಗಿ ಊಟ ಮಾಡ್ಲಾ?"

ದೊಡ್ಡ ಗೇಮ್‌ಗಳಲ್ಲೂ ಹೀಗಾಗಿದೆ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಮೋಲ್ಟನ್ ಕೋರ್ ಅನ್ನುವ ಗುಹೆಯಲ್ಲಿ ಕೊನೆಯ ಬಾಸ್ (ದೊಡ್ಡ ಶತ್ರು) ರಾಗ್ನರಾಸ್‌ಗೆ ಬೆಂಕಿ ತಾಗುವುದಿಲ್ಲ. ಹಾಗಾಗಿ ಅಲ್ಲಿಗೆ ಹೋಗುವ ಮೇಜ್‌ಗಳು (ಮಂತ್ರ ಹಾಕುವ ಕ್ಲಾಸ್‌ನವರು) ಮಂಜಿನ ಮಂತ್ರಗಳನ್ನು ಹಿಡಿದರು. ಅವರಿಗೆ ಬದಲಾಯಿಸುವ ದಾರಿಯಾದರೂ ಇತ್ತು, ನಿಮ್ಮ ಕ್ಲಾಸ್‌ಗಳಿಗೆ ಅದೂ ಇಲ್ಲ. 2000ದ ಡಯಾಬ್ಲೊ 2ರಲ್ಲೂ ಹೆಲ್ ಅನ್ನುವ ಅತಿ ಕಷ್ಟದ ಹಂತದ ಎಷ್ಟೋ ಶತ್ರುಗಳಿಗೆ ಒಂದೊಂದು ಎಲಿಮೆಂಟ್ ನಾಟುವುದಿಲ್ಲ. ಅದರ ಹೊಸ ಆವೃತ್ತಿಗೆ 2022ರಲ್ಲಿ ಸಂಡರ್ ಚಾರ್ಮ್ ಅಂತ ಒಂದು ತಾಯಿತ ಕೊಟ್ಟರು. ಅದು ಜೇಬಲ್ಲಿದ್ದರೆ ಪೂರ್ತಿ ತಡೆ 95%ಗೆ ಇಳಿಯುತ್ತದೆ. ಅಂದರೆ ಏಟು ಸ್ವಲ್ಪವಾದರೂ ನಾಟುತ್ತದೆ. ನೀವು ಮೊದಲ ದಿನವೇ ಸೊನ್ನೆಯನ್ನು ತೆಗೆದುಹಾಕಿ.

ಇನ್ನು ಗುಣಕದ ವಿಷಯ, ಅಂದರೆ ಶತ್ರುವಿನ ಎಲಿಮೆಂಟ್ ನೋಡಿ ಏಟನ್ನು ಎಷ್ಟರಿಂದ ಗುಣಿಸುವುದು ಅಂತ. ಇಲ್ಲಿ ಎಲ್ಲರೂ ಎಡವುತ್ತಾರೆ. ಬಲ ಇರುವ ಕಡೆ 1.5, ಬಲ ಇಲ್ಲದ ಕಡೆ 0.5, ಉಳಿದೆರಡು ಕಡೆ 1. ಸರಾಸರಿ 1 ಬರುತ್ತದೆ, ಸರಿ ಇದೆ ಅನ್ನಿಸುತ್ತದೆ. ಆದರೆ ಆಡುವವರು ಕಳೆಯುವುದು ಸಮಯ. 1000 ಪ್ರಾಣ ಇರುವ ಶತ್ರು, ಸೆಕೆಂಡಿಗೆ 100 ಡ್ಯಾಮೇಜ್ ಅಂದುಕೊಳ್ಳಿ. ನಾಲ್ಕು ಶತ್ರುಗಳಿಗೆ 6.7, 20, 10, 10, ಒಟ್ಟು 46.7 ಸೆಕೆಂಡ್ ಬೇಕು. ಗುಣಕವೇ ಇಲ್ಲದಿದ್ದರೆ 40 ಸಾಕಿತ್ತು. 0.5 ಬದಲು 0.75 ಇಡಿ: 6.7 ಮತ್ತು 13.3 ಸೇರಿ 20, ಉಳಿದೆರಡು ಸೇರಿ ಸರಿಯಾಗಿ 40. ಈ ಲೆಕ್ಕ ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ಆದರೂ ತಂಗಿಯ ಕಷ್ಟ ಪೂರ್ತಿ ಹೋಗಲಿಲ್ಲ. ಕಾರಣ ನಮ್ಮ ಗೇಮ್‌ನ ನಕ್ಷೆಯಲ್ಲಿತ್ತು. ಭಾಗಮಂಡಲದ ಸಂಗಮ, ಹೊಳೆ, ಗದ್ದೆ, ಮಳೆಕಾಡು ಅಂತ ನೋಡಿದ್ದನ್ನೆಲ್ಲ ಹಾಕಿದ್ದೆವು. ಹತ್ತು ಜಾಗದಲ್ಲಿ ಆರು ನೀರಿನವು! ಗುಣಕ ಎಷ್ಟೇ ಚೆನ್ನಾಗಿದ್ದರೂ ಶತ್ರುಗಳು ಒಂದೇ ಕಡೆ ವಾಲಿದ್ದರೆ ಬೆಂಕಿಯವರು ಸೋಲುತ್ತಾರೆ. ಶತ್ರುಗಳನ್ನು ಎಲಿಮೆಂಟ್ ಪ್ರಕಾರ ಎಣಿಸಿ, ಜಾಗವಾರು ಬರೆದಿಡಿ.

ಕೊನೆಗೆ, ಪ್ರತಿ ಎಲಿಮೆಂಟ್‌ಗೂ ಹೊಡೆಯುವುದು ಬಿಟ್ಟು ಇನ್ನೊಂದು ಕೆಲಸ ಕೊಡಿ. ಗೆನ್‌ಶಿನ್ ಇಂಪ್ಯಾಕ್ಟ್ ಅನ್ನುವ ಗೇಮ್‌ನಲ್ಲಿ ಒಂದೊಂದು ಪಾತ್ರಕ್ಕೂ ಒಂದೇ ಎಲಿಮೆಂಟ್, ಆದರೆ ನೀರು ತಾಗಿದ ಶತ್ರುವಿಗೆ ಬೆಂಕಿ ಬಿದ್ದರೆ ಆ ಏಟು 1.5 ಪಟ್ಟು. ಬೆಂಕಿ ತಾಗಿದವನ ಮೇಲೆ ನೀರು ಬಿದ್ದರೆ 2 ಪಟ್ಟು. ಒಬ್ಬರಿಗೆ ಇನ್ನೊಬ್ಬರು ಬೇಕೇ ಬೇಕು. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೇವೆ. ಅದನ್ನು ನೋಡಿಯೇ ನಮಗೊಂದು ಉಪಾಯ ಹೊಳೆಯಿತು. ನಮ್ಮ ಗುಹೆಯಲ್ಲಿ ಒದ್ದೆಯಾದವರು ನಿಧಾನವಾಗುತ್ತಾರೆ, ಬೆಂಕಿ ಕ್ಲಾಸ್ ಮಾತ್ರ ಅವರನ್ನು ಒಣಗಿಸಬಹುದು. ಈಗ ತಂಗಿ ಊಟ ಮುಗಿಸಿ ಬರುವ ತನಕ ಉಳಿದ ನಾಲ್ವರು ಗುಹೆಯ ಬಾಗಿಲಲ್ಲಿ ಕಾಯುತ್ತಾರೆ.

ನಿಮ್ಮ ಶತ್ರುಗಳ ಪಟ್ಟಿ ಇದ್ದರೆ ಕಾಮೆಂಟ್‌ನಲ್ಲಿ ಹಾಕಿ. ಸೆಕೆಂಡ್ ಲೆಕ್ಕ ನಾನು ಮಾಡಿಕೊಡುತ್ತೇನೆ.